ಹೊಟ್ಟೆಗೆ ಬಂದಿದೀನಿ ಅಂತ ಬ್ಯಾಕ್ಟೀರಿಯಾಗೆ ಹೇಗೆ ಗೊತ್ತಾಗುತ್ತೆ, ರೋಗ ತರೋ ಜೀನ್‌ಗಳು ಯಾವಾಗ ಆನ್ ಆಗ್ತವೆ?

ಮುಖ್ಯವಾಗಿ ಬಿಸಿಯಿಂದ ಗೊತ್ತಾಗುತ್ತೆ. ರಕ್ತಭೇದಿ ತರೋ ಶಿಗೆಲ್ಲಾನೇ ತಗೊಳ್ಳಿ, ಹೊರಗಡೆ ನೀರಲ್ಲೋ ಆಹಾರದಲ್ಲೋ ಇರೋವಾಗ ಅದರ ರೋಗ ತರೋ ಜೀನ್‌ಗಳು ಆಫ್ ಆಗಿರ್ತವೆ, ಮೈಯೊಳಗಿನ 37 ಡಿಗ್ರಿ ಸಿಕ್ಕಿದ ಮೇಲೇನೇ ಆನ್ ಆಗೋದು.

ಇದು ನಡೆಯೋ ರೀತಿ ನಿಜವಾಗ್ಲೂ ಚೆಂದ. ವಿರ್‌ಎಫ್ ಅನ್ನೋ ಜೀನ್ ಇದೆ, ಅದೇ ಮೇನ್ ಸ್ವಿಚ್. ಸುಮಾರು 32 ಡಿಗ್ರಿಗಿಂತ ತಂಪಿದ್ರೆ ಆ ಜೀನ್ ಶುರುವಾಗೋ ಜಾಗದಲ್ಲಿ ಡಿಎನ್‌ಎ ಬಾಗಿಕೊಂಡಿರುತ್ತೆ, ಎಚ್-ಎನ್‌ಎಸ್ ಅನ್ನೋ ಪ್ರೋಟೀನ್ ಆ ಬಾಗಿನ ಎರಡೂ ಕಡೆ ಕಚ್ಚಿ ಹಿಡ್ಕೊಂಡು ಜೀನ್ ಓದೋಕೇ ಬಿಡಲ್ಲ. ಬಿಸಿ ಏರಿದ್ರೆ ಬಾಗು ಸಡಿಲ ಆಗುತ್ತೆ, ಹಿಡಿತ ತಪ್ಪುತ್ತೆ, ವಿರ್‌ಎಫ್ ಪ್ರೋಟೀನ್ ತಯಾರಾಗಿ ವಿರ್‌ಬಿ ಅನ್ನೋ ಇನ್ನೊಂದು ಜೀನನ್ನ ಎಬ್ಬಿಸುತ್ತೆ, ಅದು ಮತ್ತೆ ಹತ್ತಾರು ಜೀನ್‌ಗಳನ್ನ ಎಬ್ಬಿಸುತ್ತೆ. ಅವೆಲ್ಲ ಸೇರಿ ಕಟ್ಟೋದು ಇಂಜೆಕ್ಷನ್ ಸೂಜಿ ಥರದ ಒಂದು ಪುಟ್ಟ ಯಂತ್ರ, ಅದರಿಂದ ತನ್ನ ಪ್ರೋಟೀನ್‌ಗಳನ್ನ ಕರುಳಿನ ಜೀವಕೋಶಕ್ಕೆ ಚುಚ್ಚಿ ಒಳಗೆ ನುಗ್ಗುತ್ತೆ.

ಇಷ್ಟೊಂದು ತಡೆ ಯಾಕೆ ಅಂದ್ರೆ ಆ ಸೂಜಿ ಕಟ್ಟೋಕೆ ತುಂಬಾ ಶಕ್ತಿ ಖರ್ಚಾಗುತ್ತೆ, ಹೊರಗಡೆ ಅದರಿಂದ ಏನೂ ಉಪಯೋಗ ಇಲ್ಲ. ಕಾಲರಾ, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಗಳು ಪಿತ್ತರಸ, ಆಮ್ಲ ಇಂಥ ಬೇರೆ ಸುಳಿವುಗಳನ್ನೂ ಗಮನಿಸ್ತವೆ.