ಆಂದ್ರೆಯಾ ಪಿರ್ಲೊ ದಾಳಿಯ ಸ್ಥಾನ ಬಿಟ್ಟು ರಕ್ಷಣಾ ಸಾಲಿನ ಮುಂದೆ ಆಡತೊಡಗಿದ್ದು ಏಕೆ?

ಇಟಲಿಯ ಫುಟ್‌ಬಾಲ್ ಮಿಡ್‌ಫೀಲ್ಡರ್ (ಮಧ್ಯಮೈದಾನದ ಆಟಗಾರ) ಪಿರ್ಲೊ ಮೊದಲು ಆಡುತ್ತಿದ್ದದ್ದು ಫಾರ್ವರ್ಡ್‌ಗಳ ಬೆನ್ನಿಗೇ ಇರುವ ದಾಳಿಯ ಸ್ಥಾನದಲ್ಲಿ. ಇಂಟರ್ ಮಿಲಾನ್ ಕ್ಲಬ್‌ನಲ್ಲಿ ಅವರು ನೆಲೆಯೂರಲಿಲ್ಲ. 2001ರಲ್ಲಿ ಎರವಲು ಆಟಗಾರನಾಗಿ ತವರು ಕ್ಲಬ್ ಬ್ರೆಷಾಕ್ಕೆ ಬಂದಾಗ ಆ ಜಾಗದಲ್ಲಿ ರೊಬೆರ್ತೊ ಬಾಜ್ಜೊ ಇದ್ದುದರಿಂದ, ತರಬೇತುದಾರ ಕಾರ್ಲೊ ಮಾಜ್ಜೊನೆ ಅವರನ್ನು ರಕ್ಷಣಾ ಸಾಲಿನ ಮುಂದಕ್ಕೆ ಇಳಿಸಿದರು. ಓಟದಲ್ಲಿ ಅಷ್ಟೇನೂ ಚುರುಕಿಲ್ಲದ ಆಟಗಾರನಿಗೆ ಇದು ವರವೇ ಆಯಿತು: ಅಲ್ಲಿಂದ ಇಡೀ ಮೈದಾನ ಕಣ್ಣೆದುರಿಗಿರುತ್ತದೆ, ಉದ್ದನೆಯ ಪಾಸ್ ಕೊಡಲು ಬೇಕಾದ ಒಂದೆರಡು ಕ್ಷಣಗಳೂ ಸಿಗುತ್ತವೆ.

ಬಳಿಕ ಸೇರಿದ ಎಸಿ ಮಿಲಾನ್ ಕ್ಲಬ್‌ನಲ್ಲಿ ತರಬೇತುದಾರ ಕಾರ್ಲೊ ಆಂಚೆಲೊತ್ತಿ ಇದನ್ನೇ ಮುಂದುವರಿಸಿ, ಪಕ್ಕದಲ್ಲಿ ಗತ್ತೂಸೊ ಅವರಂಥ ಚೆಂಡು ಕಸಿಯುವ ಆಟಗಾರನನ್ನು ನಿಲ್ಲಿಸಿದರು. 2003 ಮತ್ತು 2007ರಲ್ಲಿ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಮಿಲಾನ್ ಕೈಗೆ ಬಂತು. ನನ್ನ ಮಟ್ಟಿಗೆ 2006ರ ವಿಶ್ವಕಪ್ ಸೆಮಿಫೈನಲ್‌ನ 119ನೇ ನಿಮಿಷವೇ ಅವರ ಆಟದ ಸಾರ: ಪೆನಾಲ್ಟಿ ಆವರಣದ ಅಂಚಿನಲ್ಲಿ ಚೆಂಡನ್ನು ಬಲಕ್ಕೆ ಉರುಳಿಸುತ್ತ, ಜರ್ಮನಿಯ ರಕ್ಷಕರು ತಮ್ಮತ್ತ ಸರಿಯುವವರೆಗೆ ಕಾದು, ಸಹ ಆಟಗಾರ ಫಾಬಿಯೊ ಗ್ರೊಸ್ಸೊ ಇದ್ದ ಕಡೆ ತಿರುಗಿಯೂ ನೋಡದೆ ಪಾಸ್ ಕೊಟ್ಟರು; ಗ್ರೊಸ್ಸೊ ಅದನ್ನು ಗೋಲಾಗಿಸಿದರು. 2011ರಲ್ಲಿ ಮಿಲಾನ್ ಅವರನ್ನು ಬಿಟ್ಟುಕೊಟ್ಟದ್ದು ದೊಡ್ಡ ತಪ್ಪೆಣಿಕೆ. ವರ್ಗಾವಣೆ ಶುಲ್ಕವಿಲ್ಲದೆ ಅವರನ್ನು ಸೇರಿಸಿಕೊಂಡ ಯುವೆಂಟಸ್ ಮುಂದಿನ ನಾಲ್ಕೂ ಋತುಗಳಲ್ಲಿ ಇಟಲಿಯ ಲೀಗ್ ಗೆದ್ದಿತು. 2017ರಲ್ಲಿ, 38ನೇ ವಯಸ್ಸಿನಲ್ಲಿ, ನ್ಯೂಯಾರ್ಕ್ ಸಿಟಿ ತಂಡದಲ್ಲಿದ್ದಾಗ ಅವರು ನಿವೃತ್ತರಾದರು.