ವಾಕ್ ಮತ್ತು ಶ್ರವಣ ಸಂಸ್ಥೆಗೆ ಮಗುವನ್ನು ಕರೆತರುವವರಿಗೆ ನಿಲ್ದಾಣದ ಬಳಿಯ ಲಾಡ್ಜ್ ಬೇಡ

ಕೊಪ್ಪಳದಿಂದ ಎರಡೂವರೆ ವರ್ಷದ ಮಗನನ್ನು ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ತೋರಿಸಲು ಕರೆತರುತ್ತಿದ್ದೀರಿ. ರೈಲು ನಿಲ್ದಾಣ ಅಥವಾ ಬಸ್ ನಿಲ್ದಾಣದ ಹತ್ತಿರ ದಿನಕ್ಕೆ 700 ರೂಪಾಯಿಯೊಳಗೆ ಸಿಗುವ ಲಾಡ್ಜ್ ಯಾವುದು ಎಂದು ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ಹಿಂದೊಮ್ಮೆ ನಾನೂ ಕೇಳಿದ್ದೆ, ಉತ್ತರವನ್ನೂ ಪಡೆದಿದ್ದೆ, ಆ ಉತ್ತರದಂತೆಯೇ ನಡೆದುಕೊಂಡಿದ್ದೆ. ಆದ್ದರಿಂದ ಯಾವ ಲಾಡ್ಜಿನ ಹೆಸರನ್ನೂ ಹೇಳದೆ, ನಮಗೇನಾಯಿತು ಎಂಬುದನ್ನು ಹೇಳುತ್ತೇನೆ.

ಹಾವೇರಿ ಜಿಲ್ಲೆಯ ಹಳ್ಳಿಯೊಂದರಿಂದ ನಾವು ಮಗಳನ್ನು ಕರೆದುಕೊಂಡು ಬಂದಾಗ ಅವಳಿಗೆ ಆಗಷ್ಟೇ ಎರಡು ತುಂಬಿತ್ತು. ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕೂಗಿದರೆ ತಿರುಗುತ್ತಿರಲಿಲ್ಲ. ಬಾಗಿಲನ್ನು ಜೋರಾಗಿ ಬಡಿದರೆ ಮಾತ್ರ, ಅದೂ ನೆಲ ಅದುರಿದ್ದಕ್ಕೋ ಏನೋ, ತಲೆ ಎತ್ತಿ ನೋಡುತ್ತಿದ್ದಳು. ಊರಿನ ವೈದ್ಯರು ತಡಮಾಡದೆ ಮೈಸೂರಿಗೆ ಹೋಗಿ ಎಂದಿದ್ದರು. ನನ್ನ ಯಜಮಾನರಿಗೆ ಸಿಕ್ಕಿದ್ದು ಕೆಲವೇ ದಿನಗಳ ರಜೆ. ನಮ್ಮಿಬ್ಬರನ್ನು ಒಂದು ಕಡೆ ನೆಲೆಗೊಳಿಸಿ ಅವರು ಹಿಂದಿರುಗಬೇಕಿತ್ತು. ಈ ಅವಸರದಲ್ಲಿಯೇ ನಾವು ಹೊರಡುವ ಮೊದಲೇ ಗ್ರಾಮಾಂತರ ಬಸ್ ನಿಲ್ದಾಣದ ಆಸುಪಾಸಿನ ಲಾಡ್ಜೊಂದಕ್ಕೆ ಫೋನ್ ಮಾಡಿ, ಅರ್ಧ ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕಟ್ಟಿಬಿಟ್ಟೆವು.

ನಮ್ಮನ್ನು ಕಾಡಿದ್ದು ಈ ಒಂದು ಕೆಲಸವೇ ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅಂದು ಅದು ತಪ್ಪೆಂದು ಯಾರಿಗೂ ಅನ್ನಿಸುವಂತಿರಲಿಲ್ಲ. ಒಟ್ಟಿಗೆ ಕಟ್ಟಿದರೆ ದಿನಕ್ಕೆ ನೂರು ರೂಪಾಯಿ ಇಳಿಸುವುದಾಗಿ ಲಾಡ್ಜಿನವರು ಹೇಳಿದ್ದರು. ಬಸ್ಸಿನಿಂದ ಇಳಿದರೆ ಆಟೋ ಹಿಡಿಯದೆ ನಡೆದುಹೋಗಬಹುದಿತ್ತು. ಸುತ್ತಮುತ್ತ ಹೋಟೆಲುಗಳೂ ಔಷಧಿ ಅಂಗಡಿಗಳೂ ಇದ್ದವು. ಹೆಂಗಸೊಬ್ಬಳು ಮಗುವಿನೊಡನೆ ಒಂಟಿಯಾಗಿರುವಾಗ ಜನಸಂಚಾರವಿರುವ ಬೀದಿಯೇ ಕ್ಷೇಮವೆಂದು ಅತ್ತೆಯವರೂ ಹೇಳಿದ್ದರು. ನಾವು ತಲುಪಿದ್ದು ರಾತ್ರಿ. ರಾತ್ರಿ ನೋಡಿದ ಕೋಣೆ ಚೊಕ್ಕಟವಾಗಿಯೇ ಕಂಡಿತು. ಬೆಳಗಾದ ಮೇಲೆ ತಿಳಿದದ್ದೇನೆಂದರೆ, ಕಿಟಕಿ ತೆರೆಯುವುದು ಬಯಲಿಗಲ್ಲ, ಮೊಗಸಾಲೆಗೆ. ಬಿಸಿನೀರು ಬರುವುದು ಬೆಳಗಿನ ಎರಡು ಗಂಟೆಯ ಅವಧಿಯಲ್ಲಿ ಮಾತ್ರ. ಮೂರನೆಯ ಮಹಡಿಗೆ ಲಿಫ್ಟ್ ಇಲ್ಲ. ಕೋಣೆಯಲ್ಲಿ ಹಾಲು ಕಾಯಿಸುವುದಕ್ಕೂ ಅನುಮತಿಯಿಲ್ಲ. ಒಂದು ರಾತ್ರಿಗೆ ಮಾತ್ರ ಹಣ ಕಟ್ಟಿದ್ದರೆ ಮರುದಿನವೇ ಗಂಟುಮೂಟೆ ಕಟ್ಟುತ್ತಿದ್ದೆವು. ಕಟ್ಟಿದ ಹಣ ನಮ್ಮನ್ನು ಅಲ್ಲಿಯೇ ಹಿಡಿದಿಟ್ಟಿತು. ಉಳಿದ ದಿನಗಳದ್ದನ್ನಾದರೂ ಹಿಂದಿರುಗಿಸಿ ಎಂದು ಕೇಳಿದಾಗ, ಮ್ಯಾನೇಜರು ರಸೀದಿಯ ಹಿಂಬದಿಯಲ್ಲಿದ್ದ ಸಣ್ಣ ಅಕ್ಷರಗಳನ್ನು ತೋರಿಸಿದರು.

ಇಷ್ಟೇ ಆಗಿದ್ದರೆ ಅನನುಕೂಲವೆಂದು ಸಹಿಸಿಕೊಳ್ಳಬಹುದಿತ್ತು. ನಿಜವಾದ ನಷ್ಟವಾದದ್ದು ಬೆರಾ ಎಂಬ ಶ್ರವಣ ಪರೀಕ್ಷೆಯ ದಿನ. ನಿಮ್ಮ ಮಗನಿಗೂ ಈ ಪರೀಕ್ಷೆ ಬರೆದುಕೊಡುವ ಸಾಧ್ಯತೆ ಹೆಚ್ಚು, ಆದ್ದರಿಂದ ಗಮನವಿಟ್ಟು ಓದಿ. ಮಗುವಿನ ತಲೆಗೂ ಕಿವಿಯ ಹಿಂಬದಿಗೂ ಎಲೆಕ್ಟ್ರೋಡುಗಳನ್ನು ಅಂಟಿಸಿ, ಕಿವಿಗೆ ಶಬ್ದವನ್ನು ಬಿಟ್ಟು, ಶ್ರವಣ ನರ ಮತ್ತು ಮಿದುಳಿನ ಕಾಂಡ ಅದಕ್ಕೆ ಹೇಗೆ ಪ್ರತಿಕ್ರಿಯಿಸುತ್ತವೆ ಎಂಬುದನ್ನು ಯಂತ್ರದಲ್ಲಿ ದಾಖಲಿಸುತ್ತಾರೆ. ಮಗು ಅಲುಗಾಡಿದರೆ ದಾಖಲೆ ಕೆಡುತ್ತದೆ. ಹಾಗಾಗಿ ಚಿಕ್ಕ ಮಕ್ಕಳಿಗೆ ಇದನ್ನು ನಿದ್ದೆಯಲ್ಲಿಯೇ ಮಾಡಬೇಕಾಗುತ್ತದೆ. ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ, ಪರೀಕ್ಷೆಯ ಹೊತ್ತಿಗೆ ನಿದ್ದೆ ಬರುವಂತೆ ಕರೆತನ್ನಿ ಎಂದು ತಾಯಂದಿರಿಗೆ ಹೇಳಿ ಕಳುಹಿಸುತ್ತಾರೆ. ನಾನು ಹೇಳಿದಂತೆಯೇ ಮಾಡಿದೆ. ಆದರೆ ಲಾಡ್ಜಿನಿಂದ ಸಂಸ್ಥೆಯಿರುವ ಮಾನಸಗಂಗೋತ್ರಿಗೆ ಹೋಗಲು ಮೊದಲು ನಗರ ಬಸ್ ನಿಲ್ದಾಣಕ್ಕೆ ಹೋಗಿ, ಅಲ್ಲಿ ಇನ್ನೊಂದು ಬಸ್ಸನ್ನು ಕಾಯಬೇಕಿತ್ತು. ಎಬ್ಬಿಸಿಟ್ಟ ಮಗು ಬಸ್ಸಿನ ತೂಗಾಟಕ್ಕೆ ಹೆಗಲ ಮೇಲೆಯೇ ಗಾಢವಾಗಿ ನಿದ್ದೆಹೋದಳು. ಸಂಸ್ಥೆಯನ್ನು ತಲುಪಿ, ಸರದಿ ಬಂದು, ಹಣೆಗೆ ಪೇಸ್ಟ್ ಹಚ್ಚುವಷ್ಟರಲ್ಲಿ ಅವಳ ನಿದ್ದೆ ಮುಗಿದಿತ್ತು. ಆಮೇಲೆ ಎಷ್ಟು ತಟ್ಟಿದರೂ ಮಲಗಲಿಲ್ಲ. ಬೇರೆ ದಿನಾಂಕ ಕೊಟ್ಟರು. ಮುಂದಿನ ಸಲ ಆಟೋದಲ್ಲಿ ಹೋದೆ, ಅಂದೂ ಅದೇ ಕಥೆ. ಪರೀಕ್ಷೆಯ ವರದಿಯಿಲ್ಲದೆ ಶ್ರವಣ ಸಾಧನವನ್ನು ನಿಗದಿಪಡಿಸಲಾಗದು, ಅದಿಲ್ಲದೆ ಸಂಸ್ಥೆಯಲ್ಲಿ ಮಾತು ಕಲಿಸಲು ಕೊಡುವ ತರಬೇತಿಗೆ ಅರ್ಥವಿಲ್ಲ. ಮಾತು ಕಲಿಯುವ ವಯಸ್ಸಿನಲ್ಲಿ ಕಳೆದ ವಾರಗಳು ಹಿಂದಿರುಗುವುದಿಲ್ಲ. ಒಂದು ದಿನಕ್ಕೆ ನೂರು ರೂಪಾಯಿ ಉಳಿಸಿದ ಲೆಕ್ಕವನ್ನು ನಾನು ಆ ವಾರಗಳ ಎದುರಿಗಿಟ್ಟು ನೋಡುತ್ತೇನೆ.

ಕೊನೆಗೂ ಪರೀಕ್ಷೆ ಮುಗಿದು ಕಿವಿಗೆ ಯಂತ್ರ ಬಂದ ಮೇಲೆ ಲಾಡ್ಜಿನ ಇನ್ನೊಂದು ಮುಖ ಕಂಡಿತು. ಅಲ್ಲಿಯವರೆಗೆ ಬಸ್ಸುಗಳ ಹಾರ್ನಿನಿಂದ ನಿದ್ದೆಗೆಡುತ್ತಿದ್ದವಳು ನಾನೊಬ್ಬಳೇ. ಮಗಳು ನೆಮ್ಮದಿಯಾಗಿ ಮಲಗುತ್ತಿದ್ದಳು. ಶ್ರವಣ ಸಾಧನವು ನನ್ನ ಮಾತನ್ನು ಮಾತ್ರ ಆರಿಸಿ ದೊಡ್ಡದು ಮಾಡುವುದಿಲ್ಲ. ಹಾರ್ನು, ಪಕ್ಕದ ಕೋಣೆಯ ಟಿ.ವಿ., ಮೊಗಸಾಲೆಯಲ್ಲಿ ಎಳೆಯುವ ಬಕೆಟ್ಟು, ಎಲ್ಲವನ್ನೂ ದೊಡ್ಡದು ಮಾಡುತ್ತದೆ. ಪರದೆಯಿಲ್ಲದ, ಹಾಸಿಲ್ಲದ, ಗೋಡೆಗೂ ಟೈಲ್ಸ್ ಹೊದಿಸಿದ ಕೋಣೆಯಲ್ಲಿ ಪ್ರತಿಯೊಂದು ಶಬ್ದವೂ ಮಾರ್ದನಿಸಿ, ಮಾತಿನ ಅಕ್ಷರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಅವಳು ಯಂತ್ರವನ್ನು ಕಿತ್ತೆಸೆಯುತ್ತಿದ್ದಳು. ಟಿ.ವಿ. ಆರಿಸಿ, ಗದ್ದಲವಿಲ್ಲದ ಕಡೆ ಹತ್ತಿರ ಕುಳಿತು, ಅನ್ನ ಕಲಸುವಾಗ, ಬಟ್ಟೆ ಮಡಿಸುವಾಗ, ಪಾತ್ರೆ ತೊಳೆಯುವಾಗ ಮಗುವಿನೊಡನೆ ಮಾತನಾಡುತ್ತಲೇ ಇರಬೇಕೆಂದು ತರಬೇತಿಯಲ್ಲಿ ಹೇಳಿಕೊಡುತ್ತಿದ್ದರು. ಲಾಡ್ಜಿನಲ್ಲಿ ಕಲಸಲು ಅನ್ನವೂ ಇಲ್ಲ, ತೊಳೆಯಲು ಪಾತ್ರೆಯೂ ಇಲ್ಲ. ಮಂಚದ ಮೇಲೆ ಕುಳಿತು ಗೋಡೆ, ಫ್ಯಾನು, ಬಾಗಿಲು ಎಂದು ಎಷ್ಟು ಹೊತ್ತು ಹೇಳಲು ಸಾಧ್ಯ?

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೀವು ಹುಡುಕಬೇಕಾದದ್ದು ಲಾಡ್ಜನ್ನಲ್ಲ, ಒಲೆ ಹೂಡಲು ಜಾಗವಿರುವ ಒಂದು ಬಾಡಿಗೆ ಕೋಣೆಯನ್ನು. ಹತ್ತಿರವಿರಬೇಕಾದದ್ದು ನಿಲ್ದಾಣಕ್ಕಲ್ಲ, ಸಂಸ್ಥೆಯ ಗೇಟಿಗೆ. ನಿಲ್ದಾಣಕ್ಕೆ ನೀವು ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ ಹೋಗುತ್ತೀರಿ. ತರಬೇತಿಗೆಂದು ಸಂಸ್ಥೆಗೆ ದಿನವೂ ಹೋಗಬೇಕಾಗುತ್ತದೆ. ದಿನಕ್ಕೆ 700 ರೂಪಾಯಿ ಎಂದರೆ 30 ದಿನಕ್ಕೆ 21,000 ರೂಪಾಯಿ, ಊಟ ಬೇರೆ. ಬಿಲ್ಲು ಕೊಡುವ ಹೋಟೆಲಾದರೆ 5 ಶೇಕಡಾ ಜಿ.ಎಸ್.ಟಿ.ಯನ್ನೂ ಸೇರಿಸಿಕೊಳ್ಳಿ. ಅದಕ್ಕಿಂತ ಎಷ್ಟೋ ಕಡಿಮೆ ಬಾಡಿಗೆಗೆ ಸಂಸ್ಥೆಯ ಹತ್ತಿರದ ಪಡುವಾರಹಳ್ಳಿಯಲ್ಲಿ ನನಗೆ ಸಿಕ್ಕಿದ್ದು ಒಂದು ಕೋಣೆ, ಅದಕ್ಕೆ ಹೊಂದಿಕೊಂಡ ಸಣ್ಣ ಅಡುಗೆ ಕಟ್ಟೆ ಮತ್ತು ಬಚ್ಚಲು.

ಅದು ಸಿಕ್ಕಿದ್ದು ದಲ್ಲಾಳಿಯಿಂದಲ್ಲ. ಸಂಸ್ಥೆಯ ಕಾಯುವ ಹಜಾರದಲ್ಲಿ ಪಕ್ಕದಲ್ಲಿ ಕುಳಿತಿದ್ದ ಕಲಬುರಗಿ ಕಡೆಯ ತಾಯಿಯೊಬ್ಬರು, ತಾವು ಊರಿಗೆ ಹಿಂದಿರುಗುತ್ತಿರುವುದಾಗಿಯೂ ತಮ್ಮ ಕೋಣೆ ಖಾಲಿಯಾಗುವುದಾಗಿಯೂ ಹೇಳಿ, ಅಂದೇ ಸಂಜೆ ಮನೆಯೊಡತಿಯ ಬಳಿಗೆ ಕರೆದುಕೊಂಡು ಹೋದರು. ಸಂಸ್ಥೆ ಆರಂಭವಾದದ್ದು 1965ರಲ್ಲಿ. ದೇಶದ ಬೇರೆ ಬೇರೆ ಕಡೆಗಳಿಂದ ತಂದೆತಾಯಿಗಳು ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಬರುತ್ತಲೇ ಇರುವುದರಿಂದ ಸುತ್ತಲಿನ ಬಡಾವಣೆಗಳ ಮನೆಯವರಿಗೆ ನಮ್ಮಂಥವರು ಹೊಸಬರಲ್ಲ. ಪಕ್ಕದಲ್ಲಿಯೇ ಮೈಸೂರು ವಿಶ್ವವಿದ್ಯಾನಿಲಯವಿರುವುದರಿಂದ ಪಡುವಾರಹಳ್ಳಿ, ಬೋಗಾದಿ ರಸ್ತೆ, ಸರಸ್ವತಿಪುರಂ ಕಡೆಗಳಲ್ಲಿ ವಿದ್ಯಾರ್ಥಿಗಳಿಗೆಂದು ಕಟ್ಟಿದ ಬಿಡಿ ಕೋಣೆಗಳೂ ಇವೆ. ಆದರೆ ಬರೀ ಹುಡುಗರೇ ತುಂಬಿರುವ ಕಟ್ಟಡಕ್ಕೆ ಹೋಗಬೇಡಿ. ರಾತ್ರಿಯ ಗದ್ದಲದಲ್ಲಿ ಅದು ಬಸ್ ನಿಲ್ದಾಣಕ್ಕೇನೂ ಕಡಿಮೆಯಿಲ್ಲ. ಮನೆಯವರು ಕೆಳಗಿದ್ದು ಮೇಲೊಂದು ಕೋಣೆ ಕೊಡುವಂಥ ಜಾಗವನ್ನು ಹುಡುಕಿ. ಮೊದಲ ದಿನವೇ ಹಜಾರದಲ್ಲಿ ಅಕ್ಕಪಕ್ಕದವರನ್ನು ಮಾತನಾಡಿಸಿ, ವಿಚಾರಣಾ ಕೌಂಟರಿನಲ್ಲಿಯೂ ವಸತಿಯ ವಿಷಯವನ್ನು ಕೇಳಿ. ಸಂಕೋಚವೇಕೆ? ಅಲ್ಲಿರುವವರೆಲ್ಲರೂ ಒಂದಲ್ಲ ಒಂದು ದಿನ ಅದೇ ಪ್ರಶ್ನೆಯನ್ನು ಕೇಳಿದವರೇ.

ಕೋಣೆಯನ್ನು ಹಗಲಿನಲ್ಲಿ, ಮಗುವನ್ನು ಜೊತೆಗಿಟ್ಟುಕೊಂಡು ನೋಡಿ. ಬಾಗಿಲು ಮುಚ್ಚಿ ಒಮ್ಮೆ ಚಪ್ಪಾಳೆ ತಟ್ಟಿದರೆ ಎಷ್ಟು ಮಾರ್ದನಿಸುತ್ತದೆಂದು ತಿಳಿಯುತ್ತದೆ. ಮಾರ್ದನಿಸಿದರೆ ಹಳೆಯ ಸೀರೆಗಳನ್ನು ಕಿಟಕಿಗೆ ಕಟ್ಟಿ, ಚಾಪೆ ಜಮಖಾನೆ ಹಾಸಿದರೆ ಬಹಳಷ್ಟು ತಗ್ಗುತ್ತದೆ. ನಾನು ಹಾಗೆಯೇ ಮಾಡಿದೆ. ಮುಂಗಡದ ವಿಷಯದಲ್ಲಿ, ಚಿಕಿತ್ಸೆಗೆ ಬಂದವರು, ಯಾವಾಗ ಬೇಕಾದರೂ ಊರಿಗೆ ಹೋಗಬೇಕಾಗಬಹುದು ಎಂದು ಮೊದಲೇ ಬಿಚ್ಚಿ ಹೇಳಿ, ಒಂದೆರಡು ತಿಂಗಳ ಬಾಡಿಗೆಗಿಂತ ಹೆಚ್ಚು ಕೊಡಬೇಡಿ, ಕೊಟ್ಟದ್ದಕ್ಕೆ ಬರೆಸಿಕೊಳ್ಳಿ. ಭೋಗ್ಯಕ್ಕೆ ಕೊಡುತ್ತೇವೆನ್ನುವವರ ಮಾತು ನಮ್ಮಂಥವರಿಗಲ್ಲ. ಅಡುಗೆ ಅನಿಲಕ್ಕೆ ಚಿಂತಿಸಬೇಕಾಗಿಲ್ಲ: 5 ಕೆ.ಜಿ.ಯ ಸಣ್ಣ ಸಿಲಿಂಡರನ್ನು ಸ್ಥಳೀಯ ವಿಳಾಸದ ದಾಖಲೆಯಿಲ್ಲದೆ, ಗುರುತಿನ ಚೀಟಿ ತೋರಿಸಿ ಕೊಳ್ಳಬಹುದು. ಪಾತ್ರೆಗಳನ್ನು ಊರಿನಿಂದಲೇ ತನ್ನಿ.

ಸಂಬಂಧಿಕರ ಮನೆಯಿದ್ದರೆ ಖರ್ಚೇ ಇಲ್ಲವಲ್ಲ ಎಂದು ನಿಮಗೂ ಯಾರಾದರೂ ಹೇಳಬಹುದು. ನಮ್ಮವರೊಬ್ಬರು ಮಂಡ್ಯದಲ್ಲಿದ್ದಾರೆ, ಇಲ್ಲಿಯೇ ಇದ್ದು ದಿನಾ ಹೋಗಿಬನ್ನಿ ಎಂದು ಪ್ರೀತಿಯಿಂದಲೇ ಕರೆದಿದ್ದರು. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ರೈಲುಗಳಿಗೆ ಕೊರತೆಯಿಲ್ಲ, 5 ವರ್ಷದೊಳಗಿನ ಮಗುವಿಗೆ ಟಿಕೆಟ್ಟೂ ಬೇಡ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಸಾಮಾನ್ಯ ಬಸ್ಸಿನಲ್ಲಿ ನನಗೂ ಖರ್ಚಿಲ್ಲ. ಕೆಲವು ದಿನ ಹಾಗೆಯೂ ಮಾಡಿ ನೋಡಿದೆ. ಸಂಸ್ಥೆ ತಲುಪುವ ಹೊತ್ತಿಗೆ ಮಗಳು ದಣಿದು ರಚ್ಚೆ ಹಿಡಿಯುತ್ತಿದ್ದಳು, ತರಬೇತಿಯ ಮುಕ್ಕಾಲು ಗಂಟೆ ಅವಳನ್ನು ಸಮಾಧಾನಪಡಿಸುವುದರಲ್ಲಿಯೇ ಮುಗಿಯುತ್ತಿತ್ತು. ಪುಕ್ಕಟೆ ಪ್ರಯಾಣವೆಂದು ಮಗುವಿನ ಎಚ್ಚರದ ಗಂಟೆಗಳನ್ನು ರಸ್ತೆಗೆ ಸುರಿಯುವುದು ನನ್ನ ಮಟ್ಟಿಗೆ ಒಪ್ಪತಕ್ಕ ಮಾತಲ್ಲ. ಪಡುವಾರಹಳ್ಳಿಗೆ ಬಂದ ಮೇಲೆ ನಡೆದುಕೊಂಡೇ ಹೋಗುತ್ತಿದ್ದೆವು, ಬೆಳಿಗ್ಗೆ ಸಮಯವಿದ್ದರೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಸುತ್ತು ಹಾಕುತ್ತಿದ್ದೆವು. ಯಂತ್ರ ಹಾಕಿಕೊಂಡು ಹಕ್ಕಿಗಳ ಕೂಗಿಗೆ ಅವಳು ಮೊದಲು ತಲೆ ತಿರುಗಿಸಿದ್ದೂ ಅಲ್ಲಿಯೇ. ಅದನ್ನು ನಾನು ತರಬೇತಿಯೆಂದೇ ಎಣಿಸುತ್ತೇನೆ.

ಪ್ರವಾಸಿಗರಿಗೆಂದು ಮಾಡಿದ ಪಟ್ಟಿಗಳನ್ನು ನೋಡಿ ವಸತಿ ಆರಿಸಬೇಡಿ. ಅವು ಅರಮನೆಯನ್ನೂ ಮೃಗಾಲಯವನ್ನೂ ನಡುವಿಟ್ಟು ದೂರವನ್ನು ಅಳೆಯುತ್ತವೆ. ಸೆಪ್ಟೆಂಬರ್–ಅಕ್ಟೋಬರ್‌ನ ದಸರಾ ದಿನಗಳಲ್ಲಂತೂ ಲಾಡ್ಜುಗಳ ದರ ಕೇಳುವಂತಿರುವುದಿಲ್ಲ. ನಿಮಗೆ ಆಗ ಬರಬೇಕಾದರೆ ತಿಂಗಳ ಕೋಣೆಯನ್ನು ದಸರಾಕ್ಕೆ ಮೊದಲೇ ಗೊತ್ತುಮಾಡಿಕೊಳ್ಳಿ. ತಿಂಗಳ ಬಾಡಿಗೆಗೆ ದಸರೆಯ ಬಿಸಿ ಅಷ್ಟಾಗಿ ತಟ್ಟುವುದಿಲ್ಲ.

ಉಳಿದದ್ದು ಮೊದಲ ರಾತ್ರಿ. ನೀವು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬರುವುದಾದರೆ ಅದು ಕೊಪ್ಪಳದಿಂದ ರಾತ್ರಿಯೆಲ್ಲ ಓಡಿ ಬೆಳಿಗ್ಗೆ ಮೈಸೂರಿಗೆ ಬರುತ್ತದೆ. ಖಚಿತವಾದ ಟಿಕೆಟ್ಟಿನ ಪಿ.ಎನ್.ಆರ್. ಸಂಖ್ಯೆಯಿದ್ದರೆ ನಿಲ್ದಾಣದ ವಿಶ್ರಾಂತಿ ಕೊಠಡಿಯನ್ನು ಐ.ಆರ್.ಸಿ.ಟಿ.ಸಿ. ಮೂಲಕ ಮೊದಲೇ ಕಾಯ್ದಿರಿಸಬಹುದು. ಅದು ಸಿಗದಿದ್ದರೆ ನಿಲ್ದಾಣದಿಂದ ಆಟೋ ಹಿಡಿದು ನೇರವಾಗಿ ಮಾನಸಗಂಗೋತ್ರಿಯ ಕಡೆಗೇ ಹೋಗಿ, ಮೂರು–ನಾಲ್ಕು ಕಿಲೋಮೀಟರ್ ಅಷ್ಟೇ, ಅಲ್ಲಿ ಒಂದು ದಿನಕ್ಕೆ ಸಿಕ್ಕುವ ಕೋಣೆಯಲ್ಲಿ ಸಾಮಾನು ಇಡಿ. ಒಂದೇ ದಿನದ ಹಣ ಕೊಡಿ. ಮರುದಿನದ್ದನ್ನು ಮರುದಿನ ಬೆಳಿಗ್ಗೆ, ರಾತ್ರಿ ಹೇಗೆ ಕಳೆಯಿತೆಂದು ನೋಡಿಕೊಂಡು ಕೊಡಿ. ಬೆರಾ ಪರೀಕ್ಷೆಯ ದಿನಾಂಕವನ್ನು ಮಾತ್ರ, ಆಯ್ಕೆ ನಿಮಗಿದ್ದರೆ, ಗೇಟಿನ ಹತ್ತಿರ ಕೋಣೆ ಸಿಕ್ಕಿದ ಮೇಲಿನ ದಿನಕ್ಕೆ ಕೇಳಿಕೊಳ್ಳಿ.