ಮೂರು ಚಕ್ರದ್ದೆಲ್ಲ ಓಡುವ ಗಾಡಿಯಲ್ಲ

ನಾಲ್ಕು ತಿಂಗಳ ಮಗುವನ್ನು ಮೂರು ಚಕ್ರದ ಸ್ಟ್ರೋಲರ್‌ನಲ್ಲಿ ಕೂರಿಸಿಕೊಂಡು ಜಾಗಿಂಗ್ ಹೋಗಬಹುದಾ, ಅದು ಸಣ್ಣ ಕಾರಿನ ಡಿಕ್ಕಿಯಲ್ಲಿ ಹಿಡಿಯುತ್ತಾ ಅಂತ ಕೇಳಿದ್ದೀರಿ.

ಜಾಗಿಂಗ್ ಈಗಲೇ ಬೇಡ. ಕತ್ತು ಗಟ್ಟಿಯಾಗಿ ನಿಲ್ಲುವವರೆಗೆ ಓಟದ ಕುಲುಕಾಟ ಒಳ್ಳೆಯದಲ್ಲ. ಸಾಮಾನ್ಯವಾಗಿ ಮಗುವಿಗೆ 6ರಿಂದ 8 ತಿಂಗಳು ತುಂಬುವವರೆಗೆ ಕಾಯಿರಿ ಅಂತಾರೆ, ಮಕ್ಕಳ ಡಾಕ್ಟರನ್ನೂ ಒಂದು ಮಾತು ಕೇಳಿಬಿಡಿ. ಅಲ್ಲಿಯವರೆಗೆ ಆರಾಮಾಗಿ ನಡೆದಾಡಿ. ಸೀಟು ಮಾತ್ರ ಪೂರ್ತಿ ಮಲಗುವಂತಿರಲಿ.

ಕೊಳ್ಳುವಾಗ ಮೊದಲು ಮುಂದಿನ ಚಕ್ರ ನೋಡಿ. ಅದು ಸುತ್ತ ತಿರುಗುವಂತಿದ್ದರೆ ಇಕ್ಕಟ್ಟಿನ ಜಾಗದಲ್ಲಿ ಒಂದೇ ಕೈಯಲ್ಲಿ ತಿರುಗಿಸಬಹುದು. ಆದರೆ ಓಡುವಾಗ ಅದೇ ಚಕ್ರ ಗಡಗಡ ಅಲುಗಾಡುತ್ತದೆ. ಸಣ್ಣ ಕಲ್ಲು ಸಿಕ್ಕರೂ ಸಾಕು, ಗಾಡಿ ಅಡ್ಡ ತಿರುಗಿ ಮಗುಚಬಹುದು. ಹಾಗಾಗಿ ಅದನ್ನು ನೇರಕ್ಕೆ ಲಾಕ್ ಮಾಡುವಂತಿರಬೇಕು. ಜೊತೆಗೆ ಕೈ ಬ್ರೇಕ್, ಮಣಿಕಟ್ಟಿಗೆ ಹಾಕಿಕೊಳ್ಳುವ ಪಟ್ಟಿ, ಐದು ಕಡೆ ಬಿಗಿಯುವ ಬೆಲ್ಟ್ ಬೇಕು. ಇವಿಲ್ಲದ್ದು ನೋಡೋಕೆ ಜಾಗಿಂಗ್ ಗಾಡಿ ಥರ ಇರುತ್ತೆ ಅಷ್ಟೇ.

ಗಾಳಿ ಟೈರ್ ಹಳ್ಳದಿಣ್ಣೆಯಲ್ಲಿ ಮೆತ್ತಗೆ ಹೋಗುತ್ತದೆ, ಆದರೆ ಪಂಕ್ಚರ್ ಕಾಟ ಇದೆ. ಫೋಮ್ ಟೈರ್‌ಗೆ ಆ ತಲೆನೋವಿಲ್ಲ, ಕುಲುಕಾಟ ಜಾಸ್ತಿ. ಓಡುವ ಆಸೆ ನಿಜವಾಗಿಯೂ ಇದ್ದರೆ ನಾನು ಗಾಳಿ ಟೈರೇ ತಗೊಳ್ಳಿ ಅಂತೀನಿ. ಸುಮ್ನೆ ವಾಕಿಂಗ್‌ಗಾದರೆ ಇಷ್ಟು ದೊಡ್ಡ ಗಾಡಿಯೇ ಬೇಡ, ಅಲ್ವಾ?

ಹಿಡಿಗೆ ಭಾರದ ಚೀಲ ನೇತುಹಾಕಬೇಡಿ. ಮಗುವನ್ನು ಎತ್ತಿಕೊಂಡ ತಕ್ಷಣ ಗಾಡಿ ಹಿಂದಕ್ಕೆ ಬೀಳುತ್ತದೆ.

ಇವು ಮಡಚಿದರೂ ದಪ್ಪ. ಡಿಕ್ಕಿಯ ಅಳತೆ ಬರೆದುಕೊಂಡು ಹೋಗಿ, ಚಕ್ರ ಸುಲಭವಾಗಿ ಕಳಚುತ್ತಾ ಅಂತ ಅಲ್ಲೇ ನಿಂತು ನೀವೇ ಕಳಚಿ ನೋಡಿ.